ರೆಸಿಡೆಂಟ್ ಈವಿಲ್ 4 ರಿಮೇಕ್: ಎಲ್1 ಸರಿಯಾಗಿ ಒತ್ತಿದರೂ ಪ್ಯಾರಿ ಆಗುವುದಿಲ್ಲ

ಪೆರ್ಲ_ಪ್ಯಾಡ್ (ಕಾಸರಗೋಡು)
ಚಾಪ್ಟರ್ 1ರ ಹಳ್ಳಿ ಫೈಟಿನಿಂದ ಮುಂದೆ ಹೋಗ್ಲಿಕ್ಕೇ ಆಗ್ತಾ ಇಲ್ಲ. ಕೊಡಲಿಯವ ಬೀಸುವಾಗ ಎಲ್1 (ಪ್ಯಾಡಿನ ಮೇಲಿನ ಎಡ ಬಟನ್) ಒತ್ತಿದರೆ ಹತ್ತರಲ್ಲಿ ಎರಡು ಸಲ ಚಾಕು ಏಟನ್ನು ತಡೆಯುತ್ತದೆ (ಅದೇ ಪ್ಯಾರಿ), ಉಳಿದದ್ದೆಲ್ಲ ಮೈಗೆ. ಚೈನ್‌ಸಾದವನದ್ದು ಒಂದು ಸಲವೂ ಆಗಲಿಲ್ಲ. ಡಿಫಿಕಲ್ಟಿ ಸ್ಟ್ಯಾಂಡರ್ಡ್. ವಿಡಿಯೋಗಳಲ್ಲಿ ಒತ್ತುವ ಟೈಮಿಗೇ ನಾನೂ ಒತ್ತುವುದು. ಡ್ರೈವರ್ ಹೊಸತು ಹಾಕಿಯಾಯ್ತು, ಫೈಲ್ ವೆರಿಫೈ ಮಾಡಿಯಾಯ್ತು. ಗ್ರಾಫಿಕ್ಸ್ ಕಾರ್ಡ್ ಜಿಟಿಎಕ್ಸ್ 1650, 16 ಜಿಬಿ ರ‍್ಯಾಮ್. ಎಂತ ಮಾಡುವುದು ಮಾರಾಯ್ರೆ?

ಹೊಸೂರು_ರಿಗ್
1650 ಅಂದಮೇಲೆ ಕಾರಣ ಅಲ್ಲೇ ಇದೆ ಗುರು. ಕಾರ್ಡಿನ ಸ್ವಂತ ಮೆಮೊರಿ 4 ಜಿಬಿ ವಿ-ರ‍್ಯಾಮ್ ಅಷ್ಟೇ. ಗ್ರಾಫಿಕ್ಸ್ ಮೆನುವಿನಲ್ಲಿ ಮೆಮೊರಿ ಎಷ್ಟು ತಿಂತಿದೆ ಅಂತ ಒಂದು ಪಟ್ಟಿ ತೋರಿಸುತ್ತೆ, ಅದು ಕೆಂಪಾಗಿದ್ದರೆ ಜನ ಜಾಸ್ತಿಯಾದಾಗ ಫ್ರೇಮ್ ತಡವರಿಸುತ್ತೆ, ಒತ್ತಿದ್ದು ಲೇಟಾಗುತ್ತೆ. ಟೆಕ್ಸ್ಚರ್ ಹೈ 0.5 ಜಿಬಿಗೆ ಇಳಿಸಿ, ರೇ ಟ್ರೇಸಿಂಗ್ ಆಫ್, ಶ್ಯಾಡೋ ಮೀಡಿಯಂ. ಗೇಮನ್ನು ಒಂದು ಸಲ ಪೂರ್ತಿ ಮುಚ್ಚಿ ತೆರೆಯಿರಿ.

ಪೆರ್ಲ_ಪ್ಯಾಡ್
ಅದೆಲ್ಲ ಮೊದಲೇ ಉಂಟು. ಎಫ್‌ಎಸ್‌ಆರ್ 2 (ಸಣ್ಣ ಚಿತ್ರ ತಯಾರಿಸಿ ದೊಡ್ಡದು ಮಾಡುವ ಸೆಟ್ಟಿಂಗ್) ಕ್ವಾಲಿಟಿ, ಫ್ರೇಮ್ 55ರಿಂದ 60. ಜರ್ಕ್ ಇಲ್ಲವೇ ಇಲ್ಲ.

ಹೊಸೂರು_ರಿಗ್
ಸರಾಸರಿ ನೋಡಬೇಡಿ. ಆಫ್ಟರ್‌ಬರ್ನರ್ (ಫ್ರೇಮ್ ಅಳೆಯುವ ಸಾಫ್ಟ್‌ವೇರ್) ಹಾಕಿ ಫ್ರೇಮ್‌ಟೈಮ್ ಗ್ರಾಫ್ ನೋಡಿ. 60 ಫ್ರೇಮಿಗೆ ಗೆರೆ 16.7 ಮಿಲಿಸೆಕೆಂಡಿನಲ್ಲಿ ಸಪಾಟಾಗಿರಬೇಕು. ನಡುವೆ 50ಕ್ಕೆ ಮುಳ್ಳಿನ ಹಾಗೆ ಎದ್ದರೆ ನಾನು ಹೇಳಿದ್ದೇ ಸರಿ.

ತಾಳವಾಡಿ_ಗ್ರೀನ್‌ಹರ್ಬ್
ಚಾಕುವಿನ ಬಾಳಿಕೆ ನೋಡಿಕೊಂಡಿದ್ದೀರಾ? ಪ್ಯಾರಿ ಮಾಡಿದ ಹಾಗೆಲ್ಲ ಸವೆಯುತ್ತೆ, ಚೈನ್‌ಸಾ ತಡೆದರೆ ಒಂದೇ ಏಟಿಗೆ ದೊಡ್ಡ ಪಾಲು ಹೋಗುತ್ತೆ. ಖಾಲಿಯಾದ ಮೇಲೆ ಎಲ್1 ಎಷ್ಟು ಒತ್ತಿದರೂ ಏನೂ ಆಗಲ್ಲ. ಚಾಕು ಸರಿ ಮಾಡಿಸೋಣ ಅಂದರೆ ಮರ್ಚೆಂಟ್ ಬರುವುದು ಚಾಪ್ಟರ್ 2ರಲ್ಲಿ. ಹಳ್ಳಿಯಲ್ಲಿ ಸಿಗುವ ಕಿಚನ್ ನೈಫ್ ಮುರಿದರೆ ಮುರಿದ ಹಾಗೆ, ಅದಕ್ಕೆ ರಿಪೇರಿ ಇಲ್ಲ. ಅದಕ್ಕೇ ಅಲ್ಲಿ ಪ್ಯಾರಿಯನ್ನೇ ನಂಬಿ ಕೂರಬೇಡಿ. ಮಹಡಿ ಮನೆಗೆ ಹೋಗಿ ಶಾಟ್‌ಗನ್ ತೆಗೆದುಕೊಳ್ಳಿ. ಚೈನ್‌ಸಾದವನನ್ನು ಹತ್ತಿರ ಬರಲು ಬಿಟ್ಟು ಮುಖಕ್ಕೆ ಹೊಡೆದರೆ ಅವನು ಹಿಂದಕ್ಕೆ ಸರಿಯುತ್ತಾನೆ. ಎಲ್ಲರನ್ನೂ ಕೊಲ್ಲಲೇಬೇಕು ಅಂತಿಲ್ಲ, ಗಂಟೆ ಹೊಡೆಯುವ ತನಕ ತಾಳಿಕೊಂಡರೆ ಸಾಕು.

ಪೆರ್ಲ_ಪ್ಯಾಡ್
ಚಾಕು ಫುಲ್ ಇರುವಾಗಲೂ ಇದೇ ಕಥೆ. ಗ್ರಾಫ್ ನೋಡಿದೆ, ಗೆರೆ ಸಪಾಟು. ಹಳ್ಳಿ ದಾಟುವ ಉಪಾಯ ನನಗೆ ಬೇಡ, ಪ್ಯಾರಿ ಸರಿ ಆಗಬೇಕು.

ಹೊಸೂರು_ರಿಗ್
ಹಾಗಾದರೆ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಲೋ ಲೇಟೆನ್ಸಿ ಮೋಡ್ (ಒತ್ತಿದ್ದು ತಡವಾಗುವುದನ್ನು ತಗ್ಗಿಸುವುದು) ಅಲ್ಟ್ರಾಗೆ ಹಾಕಿ. ಟೆಕ್ಸ್ಚರ್ ಇನ್ನೂ ಒಂದು ಮೆಟ್ಟಿಲು ಇಳಿಸಿ.

ಜತ್ತ_ಜಾಯ್‌ಸ್ಟಿಕ್
ಅಲ್ಟ್ರಾ ಹಾಕಿದ್ರ ಇಲ್ಲಿ ಉಪಯೋಗ ಆಗ್ತೈತಿ ಅಂತ ನಂಬಬ್ಯಾಡ್ರಿ. ಆ ಮೋಡ್ ಮೂಲದಾಗ ಮಾಡಿದ್ದು ಡೈರೆಕ್ಟ್‌ಎಕ್ಸ್ (ಗೇಮ್ ಗ್ರಾಫಿಕ್ಸ್ ಕಾರ್ಡಿನ ಜೋಡಿ ಮಾತಾಡೂ ವಿಂಡೋಸ್ ವ್ಯವಸ್ಥಾ) 9 ಮತ್ತ 11ಕ್ಕ. ಈ ಗೇಮ್ ಡೈರೆಕ್ಟ್‌ಎಕ್ಸ್ 12. ಅದ್ರಾಗ ಫ್ರೇಮಿನ ಸರತಿ ಗೇಮಿನ ಕೈಯಾಗ ಇರ್ತೈತಿ, ಡ್ರೈವರ್ ಕೈಯಾಗ ಅಲ್ಲ.

ಹೊಸೂರು_ರಿಗ್
ನನ್ನ ಸಿಸ್ಟಂನಲ್ಲಿ ಫರಕು ಕಾಣಿಸುತ್ತೆ.

ಜತ್ತ_ಜಾಯ್‌ಸ್ಟಿಕ್
ಅಳತಿ ಮಾಡಿ ಹೇಳ್ರಿ, ಅನಿಸಿದ್ದು ಬ್ಯಾಡ. ಪೆರ್ಲದವ್ರ, ಪ್ಯಾಡ್ ಯಾವುದು? ವೈರೋ, ಬ್ಲೂಟೂತೋ? ಮಾನಿಟರ್ ಯಾವುದು? ಇಷ್ಟು ಹೊತ್ತಾದ್ರೂ ಇದನ್ನ ಯಾರೂ ಕೇಳಿಲ್ಲ.

ಪೆರ್ಲ_ಪ್ಯಾಡ್
ಪಿಎಸ್4 ಪ್ಯಾಡ್, ಬ್ಲೂಟೂತ್ ಡಾಂಗಲ್ ಕ್ಯಾಬಿನೆಟ್ಟಿನ ಹಿಂದೆ ಉಂಟು. ಮಾನಿಟರ್ ಅಲ್ಲ, ಹಾಲಿನ 43 ಇಂಚಿನ ಟಿವಿ. ಹೆಡ್‌ಫೋನ್ ಕ್ಯಾಬಿನೆಟ್ಟಿಗೆ. ಸೌಂಡ್ ಯಾವಾಗಲೂ ಸ್ವಲ್ಪ ಮೊದಲು ಕೇಳ್ತದೆ, ಅದು ಬೇರೆ ಸಮಸ್ಯೆ, ಆಮೇಲೆ ನೋಡುವ.

ಜತ್ತ_ಜಾಯ್‌ಸ್ಟಿಕ್
ಬ್ಯಾರೆ ಸಮಸ್ಯಾ ಅಲ್ರಿ, ಇದ ಮೂಲ! ಸೌಂಡ್ ಕ್ಯಾಬಿನೆಟ್ಟಿನಿಂದ ಸೀದಾ ಕಿವಿಗೆ ಬರ್ತೈತಿ. ಚಿತ್ರ ಟಿವಿ ಒಳಗ ಸಂಸ್ಕರಣ ಆಗಿ ತಡಾ ಬರ್ತೈತಿ. ಟಿವಿ ಸ್ಪೀಕರಿನ್ಯಾಗ ಕೇಳಿದ್ರ ಗೊತ್ತ ಆಗೂದಿಲ್ಲ, ಯಾಕಂದ್ರ ಟಿವಿ ಸೌಂಡನ್ನೂ ಚಿತ್ರದ ಜೋಡಿ ಹಿಡಿದು ಬಿಡ್ತೈತಿ. ಮೋಷನ್ ಸ್ಮೂದಿಂಗ್ ಆನ್ ಇದ್ರಂತೂ ಕೇಳೂದ ಬ್ಯಾಡ. ಎರಡು ಫ್ರೇಮಿನ ನಡುವ ಮತ್ತೊಂದು ತಯಾರು ಮಾಡಾಕ ಮುಂದಿನ ಫ್ರೇಮ್ ಬರೂತನಾ ಅದು ಕಾಯಬೇಕು. ನೀವು ನೋಡೂ ಕೊಡ್ಲಿ ಆಗಲೇ ಬಿದ್ದು ಹೋದ ಕೊಡ್ಲಿ. ಕಣ್ಣು ನಂಬಿ ಒತ್ತಿದ್ರ ಪ್ಯಾರಿ ಹೆಂಗ ಆಗ್ತೈತಿ?

ಮೊದಲ ಅಳೀರಿ. ಫೋನಿನ ಸ್ಲೋ ಮೋಷನ್ 240ಕ್ಕ ಇಡ್ರಿ. ಹೆಬ್ಬೆರಳು, ಟಿವಿ ಎರಡೂ ಒಂದ ಚೌಕಟ್ಟಿನ್ಯಾಗ ಕಾಣಬೇಕು. ಗೇಮಿನ್ಯಾಗ ಸುಮ್ಮನ ನಿಂತು ಕೂರೂ ಬಟನ್ ಒತ್ರಿ. ಬಟನ್ ತಳ ಮುಟ್ಟಿದ ಫ್ರೇಮಿನಿಂದ ಲಿಯಾನ್ (ಆಟದ ನಾಯಕ) ಮೊಣಕಾಲು ಅಲುಗೂ ಫ್ರೇಮಿನ ತನಕ ಎಣಿಸ್ರಿ. ವಿಡಿಯೋದ ಒಂದು ಫ್ರೇಮ್ ಅಂದ್ರ ಸುಮಾರು 4.2 ಮಿಲಿಸೆಕೆಂಡ್. ಐದು ಸಲ ಮಾಡಿ ನಡುವಿನ ಲೆಕ್ಕ ಹಿಡೀರಿ.

ಪೆರ್ಲ_ಪ್ಯಾಡ್
ಐದು ಸಲ ಎಣಿಸಿದೆ: 47, 48, 51, 48, 46. ಅಂದರೆ ಹೆಚ್ಚುಕಡಿಮೆ 200 ಮಿಲಿಸೆಕೆಂಡ್. ಟಿವಿಯ ಗೇಮ್ ಮೋಡ್ (ಚಿತ್ರದ ಸಂಸ್ಕರಣೆ ಕಡಿಮೆ ಮಾಡುವುದು) ಆನ್ ಮಾಡಿದ ಮೇಲೆಯೂ 48!

ಹೊಸೂರು_ರಿಗ್
ನೋಡಿ, ಟಿವಿ ಅಲ್ಲ. ಟೆಕ್ಸ್ಚರ್ ಇಳಿಸಿದಿರಾ?

ಜತ್ತ_ಜಾಯ್‌ಸ್ಟಿಕ್
ತಡೀರಿ. ಭಾಳ ಟಿವಿಯೊಳಗ ಪಿಕ್ಚರ್ ಮೋಡ್ ಒಂದೊಂದು ಇನ್‌ಪುಟ್ಟಿಗೆ ಬ್ಯಾರೆ ಬ್ಯಾರೆ ನೆನಪಿಟ್ಟಿರ್ತೈತಿ. ಸೆಟ್‌ಟಾಪ್ ಬಾಕ್ಸ್ ನೋಡ್ಕೋತ ಮೆನು ತೆರೆದು ಹಾಕಿದ್ರ ಅದು ಆ ಇನ್‌ಪುಟ್ಟಿಗೆ ಹತ್ತೈತಿ. ಪಿಸಿ ಚಿತ್ರ ತೆರೆ ಮ್ಯಾಲ ಇದ್ದಾಗ ಮೆನು ತೆರೀರಿ.

ಪೆರ್ಲ_ಪ್ಯಾಡ್
ಸರಿ ಹೇಳಿದ್ರಿ. ಎಚ್‌ಡಿಎಂಐ 1ಕ್ಕೆ ಹಾಕಿದ್ದೆ, ಪಿಸಿ ಇರುವುದು 2ರಲ್ಲಿ. ಈಗ 27. ಹೆಡ್‌ಫೋನಿನ ಸೌಂಡೂ ಚಿತ್ರವೂ ಒಟ್ಟಿಗೆ ಬರ್ತಾ ಉಂಟು! ಆದರೆ ಕೆಲವು ಸಲ ಒಮ್ಮೆಲೇ 40ಕ್ಕೆ ಏರ್ತದೆ.

ಜತ್ತ_ಜಾಯ್‌ಸ್ಟಿಕ್
ಅದು ಡಾಂಗಲ್ ಇರಬೇಕು. ಹಿಂದ ಅದರ ಮಗ್ಗಲ ಯುಎಸ್‌ಬಿ 3.0 ಹಾರ್ಡ್ ಡಿಸ್ಕ್ ಹಾಕೀರೇನು? 3.0 ಪೋರ್ಟಿನಿಂದ ಹೊಂಡೂ ಗದ್ದಲ 2.4 ಗಿಗಾಹರ್ಟ್ಸ್ ಪಟ್ಟಿಯೊಳಗ ಬೀಳ್ತೈತಿ, ಬ್ಲೂಟೂತೂ ಅಲ್ಲೇ ಓಡೂದು. ಡಾಂಗಲ್ ಒಂದು ಮೀಟರ್ ಯುಎಸ್‌ಬಿ 2.0 ಎಕ್ಸ್‌ಟೆನ್ಷನ್ ವೈರಿಗೆ ಹಾಕಿ ಟಿವಿ ಮುಂದ ತಂದು ಇಡ್ರಿ. ಇಲ್ಲಂದ್ರ ಮೈಕ್ರೋ ಯುಎಸ್‌ಬಿ ವೈರ್ ಹಚ್ರಿ, ಡೇಟಾ ವೈರ್ ಇರಬೇಕು, ಬರೇ ಚಾರ್ಜಿಂಗಿಂದು ನಡೆಯೂದಿಲ್ಲ. ಆಮ್ಯಾಲ ವಿ-ಸಿಂಕ್ (ಫ್ರೇಮನ್ನ ತೆರೆಯ ಲಯಕ್ಕ ಹೊಂದಿಸೂದು) ಆಫ್ ಮಾಡಿ ನೋಡ್ರಿ. ಚಿತ್ರ ಅಡ್ಡ ಸೀಳಿದಂಗ ಕಾಣಬಹುದು, ಆದ್ರ ತಯಾರಾದ ಫ್ರೇಮ್ ಸರತಿಯೊಳಗ ನಿಂದ್ರೂದಿಲ್ಲ. ಒಂದೊಂದ ಬದಲ್ ಮಾಡಿ ಅಳೀರಿ, ಎಲ್ಲಾ ಕೂಡೇ ಬ್ಯಾಡ.

ಮಂಜೇಶ್ವರ_ಮೌಸ್
ಇಷ್ಟೆಲ್ಲ ರಗಳೆ ಯಾಕೆ? ಮೌಸ್ ಕೀಬೋರ್ಡಿನಲ್ಲಿ ಆಡಿ. ತಲೆಗೆ ಗುರಿ ಹಿಡಿಯಲಿಕ್ಕೆ ಸುಲಭ, ಒಂದು ಗುಂಡು, ಮೇಲೊಂದು ಒದೆ. ಪ್ಯಾರಿಯ ಅಗತ್ಯವೇ ಬರುವುದಿಲ್ಲ. 2005ರ ಮೂಲ ಗೇಮಿನಲ್ಲಿ ಪ್ಯಾರಿ ಎಲ್ಲಿತ್ತು?

ತಾಳವಾಡಿ_ಗ್ರೀನ್‌ಹರ್ಬ್
ಮೂಲ ಗೇಮಿನಲ್ಲಿ ಗುರಿ ಹಿಡಿದರೆ ನಡೆಯಲಿಕ್ಕೇ ಆಗುತ್ತಿರಲಿಲ್ಲ, ಶತ್ರುಗಳ ವೇಗವೂ ಆ ಲೆಕ್ಕಕ್ಕೇ ಇತ್ತು. ರಿಮೇಕ್‌ನಲ್ಲಿ ಮೂರು ಕಡೆಯಿಂದ ಮೈಮೇಲೆ ಬೀಳುತ್ತಾರೆ, ಪ್ಯಾರಿ ಇಟ್ಟಿರುವುದೇ ಅದಕ್ಕೆ. ಮುಂದೆ ಪ್ರೊಫೆಷನಲ್ (ಅತಿ ಕಷ್ಟದ ಡಿಫಿಕಲ್ಟಿ) ಆಡುವುದಾದರೆ ಪರ್ಫೆಕ್ಟ್ ಪ್ಯಾರಿ (ಏಟು ತಾಗುವ ಕ್ಷಣಕ್ಕೇ ಒತ್ತಿದ್ದು) ಮಾತ್ರ ನಡೆಯುತ್ತೆ, ಆಟೋಸೇವೂ ಇರಲ್ಲ. ಈಗಲೇ ಕೈಗೆ ರೂಢಿಯಾಗಲಿ.

ಮಂಜೇಶ್ವರ_ಮೌಸ್
ಮೂಲದ್ದರ ಗಮ್ಮತ್ತು ಇದಕ್ಕೆ ಇಲ್ಲ.

ಹೊಸೂರು_ರಿಗ್
ಗಮ್ಮತ್ತು ಬೇಕಾದರೆ ಓಎಲ್‌ಇಡಿ ಬೇಕು. ನನ್ನದು 120 ಹರ್ಟ್ಸ್, 4ಕೆ, ಎಚ್‌ಡಿಆರ್ ಆನ್. ಹಳ್ಳಿಯ ಬೆಂಕಿ ಅದರಲ್ಲಿ ನೋಡಬೇಕು, ಸುತ್ತ ಕಪ್ಪು ಅಂದರೆ ಅಪ್ಪಟ ಕಪ್ಪು.

ಪೆರ್ಲ_ಪ್ಯಾಡ್
ಲೆಕ್ಕ ಇಲ್ಲಿ ಹಾಕ್ತೇನೆ. ಗೇಮ್ ಮೋಡ್ 27. ಡಾಂಗಲ್ ಮುಂದೆ ಇಟ್ಟ ಮೇಲೆಯೂ 27, ಆದರೆ 40ಕ್ಕೆ ಹಾರುವುದು ನಿಂತಿತು. ವೈರ್ ಹಾಕಿದರೆ 26. ವಿ-ಸಿಂಕ್ ಆಫ್ ಮಾಡಿದಾಗ 22, ಅಂದರೆ 92 ಮಿಲಿಸೆಕೆಂಡ್. ಟೆಕ್ಸ್ಚರ್ 0.5ರಿಂದ 0.25ಕ್ಕೆ ಇಳಿಸಿದೆ, 22ರಲ್ಲೇ ಉಂಟು. ಕೊಡಲಿಯವರದ್ದು ಈಗ ಹತ್ತಕ್ಕೆ ಎಂಟು ಪ್ಯಾರಿ. ಚೈನ್‌ಸಾವನ್ನೂ ತಡೆದೆ, ಕಿಡಿ ಹಾರಿತು, ಚಾಕುವಿನ ಪಟ್ಟಿ ಕಣ್ಣೆದುರೇ ಇಳಿಯಿತು. ತುಂಬಾ ಉಪಕಾರ ಆಯ್ತು ಜತ್ತದವರೆ. ಒಂದು ಸಂಶಯ: ಗೇಮ್ ಮೋಡಿನಲ್ಲಿ ಬಣ್ಣ ನೀಲಿ ಹೊಡೀತದೆ, ಕತ್ತಲೆ ಕೋಣೆಯೊಳಗೆ ಎಂತದೂ ಕಾಣುವುದಿಲ್ಲ.

ಜತ್ತ_ಜಾಯ್‌ಸ್ಟಿಕ್
ಕಲರ್ ಟೆಂಪರೇಚರ್ ವಾರ್ಮ್ ಮಾಡ್ರಿ, ಅದಕ್ಕ ತಡಾ ಹೆಚ್ಚಾಗೂದಿಲ್ಲ. ಕತ್ತಲಿಗೆ ಎಚ್‌ಡಿಎಂಐ ರೇಂಜ್ (ಕಪ್ಪಿನಿಂದ ಬಿಳಿ ತನಕದ ವ್ಯಾಪ್ತಿ) ನೋಡ್ರಿ: ಪಿಸಿ ಫುಲ್ ಕಳಸ್ತಿದ್ರ ಟಿವಿಯೊಳಗೂ ಫುಲ್ ಇರಬೇಕು. ಟಿವಿ ಲಿಮಿಟೆಡ್ ಅಂತ ತಿಳ್ಕೊಂಡಿದ್ರ ಕಪ್ಪು ಜಾಗಾ ಎಲ್ಲಾ ಒಂದ ಮುದ್ದಿ ಆಗ್ತೈತಿ. ಹೊಸೂರಿನವ್ರ, ನಿಮ್ಮ ಓಎಲ್‌ಇಡಿ ಮ್ಯಾಲೂ ಅಲ್ಟ್ರಾ ಆನ್, ಆಫ್ ಎರಡೂ ಮಾಡಿ 240ರಾಗ ಎಣಿಸಿ ಹಾಕ್ರಿ.

ಮಂಜೇಶ್ವರ_ಮೌಸ್
ಎಚ್‌ಡಿಆರ್ ಆನ್ ಇದ್ದರೆ ತಡ ಜಾಸ್ತಿ ಆಗ್ತದಾ? ಗೊತ್ತಿದ್ದವರು ಹೇಳಿ.