ಸಹಾಯ ಬೇಕು: ನನ್ನ ತಂಗಿಗೆ ಇರುವುದು ಯಾವ ಬಗೆಯ ಆತಂಕ?

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ ಇದ್ದಕ್ಕಿದ್ದಂತೆ ಎದೆ ಡವಡವ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, ಉಸಿರೇ ಸಿಗುತ್ತಿಲ್ಲ, ಸತ್ತೇ ಹೋಗುತ್ತೇನೆ ಅನ್ನುತ್ತಾಳೆ. ಆಮೇಲೆ ತಾನಾಗಿಯೇ ಇಳಿಯುತ್ತದೆ. ಇಸಿಜಿ ಸರಿ ಇದೆ. ಡಾಕ್ಟರು ಪ್ಯಾನಿಕ್ ಅಟ್ಯಾಕ್ ಇರಬಹುದು, ಮನೋವೈದ್ಯರಿಗೆ ತೋರಿಸಿ ಅಂದಿದ್ದಾರೆ.

ಇದು ಕೆಲವೇ ನಿಮಿಷದಲ್ಲಿ ಜೋರಾಗುತ್ತದೆ, ಮತ್ತೆ ಬರುತ್ತದೇನೋ ಎಂಬ ಹೆದರಿಕೆ ಒಂದು ತಿಂಗಳಾದರೂ ಬಿಡದಿದ್ದರೆ ಪ್ಯಾನಿಕ್ ಡಿಸಾರ್ಡರ್ ಅನ್ನುತ್ತಾರೆ ಎಂದು ಓದಿದೆ. ಆದರೆ ಅವಳಿಗೆ ಉಳಿದ ದಿನಗಳಲ್ಲೂ ಸಣ್ಣಪುಟ್ಟದಕ್ಕೆಲ್ಲ ಚಿಂತೆ ಜಾಸ್ತಿ, ನಿದ್ದೆ ಇಲ್ಲ, ಕುತ್ತಿಗೆ ಭುಜ ಬಿಗಿದಿರುತ್ತದೆ. ಇಂಥದ್ದು 6 ತಿಂಗಳು, ಹೆಚ್ಚಿನ ದಿನ ಇದ್ದರೆ ಅದು ಜನರಲೈಸ್ಡ್ ಆಂಗ್ಸೈಟಿ (ಎಲ್ಲದರ ಬಗ್ಗೆಯೂ ಸದಾ ಕಾಡುವ ಆತಂಕ), ಅಲ್ವಾ? ಎರಡೂ ಒಟ್ಟಿಗೆ ಇರುವುದುಂಟಂತೆ. ಯಾರಿಗಾದರೂ ಹಾಗಾಗಿದೆಯಾ?

ನಮ್ಮ ಅಮ್ಮನಿಗೂ ಇದೇ ತರಹದ ಭಯ ಇತ್ತು, ಹಾಗಾಗಿ ವಂಶದಿಂದ ಬಂದಿರಬಹುದು ಅನ್ನಿಸುತ್ತದೆ. ಥೈರಾಯ್ಡ್ ಜಾಸ್ತಿಯಾದರೂ, ಕಾಫಿ ಹೆಚ್ಚಾದರೂ ಹೀಗೇ ಎದೆ ಹೊಡೆದುಕೊಳ್ಳುತ್ತದೆ. ನೀವು ಮೊದಲು ಥೈರಾಯ್ಡ್ ಪರೀಕ್ಷೆ ಮಾಡಿಸಿದಿರಾ? ಸಿಬಿಟಿ ಥೆರಪಿ (ಯೋಚನೆ, ನಡವಳಿಕೆ ಬದಲಿಸಿಕೊಳ್ಳಲು ಮಾತುಕತೆಯ ಮೂಲಕ ಕೊಡುವ ಚಿಕಿತ್ಸೆ) ತೆಗೆದುಕೊಂಡವರಿದ್ದರೆ ಅಲ್ಲಿ ಏನು ಮಾಡಿಸುತ್ತಾರೆ, ಮಾತ್ರೆಯೂ ಜೊತೆಗೆ ಬೇಕಾಯಿತಾ, ದಯವಿಟ್ಟು ಬಿಡಿಸಿ ಹೇಳಿ. ಅವಳು ಈಗ ಒಬ್ಬಳೇ ಹೊರಗೆ ಹೋಗುವುದನ್ನೇ ಬಿಟ್ಟಿದ್ದಾಳೆ, ನನಗೆ ಅದೇ ದೊಡ್ಡ ಚಿಂತೆ. ‘ಸುಮ್ನೆ ಯೋಚನೆ ಬಿಡು’ ಅಂತ ಮಾತ್ರ ಹೇಳಬೇಡಿ, ಅವಳಿಗೆ ಅದು ತುಂಬಾ ನೋವಾಗುತ್ತದೆ.