ಎಲೆಯ ಪಿಷ್ಟ ಪರೀಕ್ಷೆ: ಕಪ್ಪು ಕಾಗದ ಮುಚ್ಚಿದ ಭಾಗವೂ ನೀಲಿಯಾಗುತ್ತಿದೆ, ಎಲ್ಲಿ ತಪ್ಪಿದೆ?

ಪ್ರಶ್ನೆ | ಚಿಗುರೆಲೆ

ಪ್ರೌಢಶಾಲೆಯ ದ್ಯುತಿಸಂಶ್ಲೇಷಣೆ ಪಾಠದ ಮೂರು ಪ್ರಯೋಗಗಳೂ ಒಟ್ಟಿಗೆ ಕೈಕೊಟ್ಟಿವೆ. ಕುಂಡದಲ್ಲಿದ್ದ ದಾಸವಾಳ ಗಿಡವನ್ನು 24 ಗಂಟೆ ಕತ್ತಲಲ್ಲಿಟ್ಟು, ಒಂದು ಎಲೆಯ ಮೇಲ್ಭಾಗಕ್ಕೆ ಕಪ್ಪು ಕಾಗದದ ಪಟ್ಟಿ ಸಿಕ್ಕಿಸಿ, 3 ಗಂಟೆ ಬಿಸಿಲಿನಲ್ಲಿ ಇಡಲಾಗಿತ್ತು. ಅಯೋಡಿನ್ ಹಾಕಿದರೆ ಇಡೀ ಎಲೆ ನೀಲಿಗಪ್ಪು, ಪಟ್ಟಿಯ ಗುರುತೇ ಇಲ್ಲ. ಬಿಳಿ ಮಚ್ಚೆಯ ಎಲೆ ಬರೀ ಕಂದು ಬಣ್ಣಕ್ಕೆ ತಿರುಗಿತು, ಅಲ್ಲಲ್ಲಿ ಮಾತ್ರ ನೀಲಿ. ಕಾರ್ಬನ್ ಡೈಆಕ್ಸೈಡ್ ಹೀರಿಕೊಳ್ಳುವ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಇದ್ದ ಸೀಸೆಯೊಳಗೆ, ಸೀಳಿದ ಬಿರಡೆಯ ಮೂಲಕ ತೂರಿಸಿದ ಅರ್ಧ ಎಲೆಯೂ ತಿಳಿನೀಲಿ. ಹೊರಗಿನ ಅರ್ಧದಿಂದ ಸಕ್ಕರೆ ಒಳಗಿನ ಅರ್ಧಕ್ಕೆ ಹರಿದು ಹೀಗಾಯಿತೇ?

ಇನ್ನೊಂದು ಸಂದೇಹ. “ಪಿಷ್ಟ ಇಲ್ಲ, ಆದ್ದರಿಂದ ದ್ಯುತಿಸಂಶ್ಲೇಷಣೆ ನಡೆದಿಲ್ಲ” ಎಂದು ತೀರ್ಮಾನ ಬರೆಸುವುದು ಸರಿಯೇ?

ಉತ್ತರ 1 | ಪತ್ರಹರಿತ್ತು

ಮೊದಲ ಪ್ರಯೋಗದಲ್ಲಿ ಕಾಣುತ್ತಿರುವುದು ಬಹುಪಾಲು ಹಿಂದಿನ ದಿನಗಳ ಪಿಷ್ಟ. ಹಗಲಲ್ಲಿ ಕೂಡಿಟ್ಟ ಪಿಷ್ಟವನ್ನು ಎಲೆ ಕತ್ತಲಲ್ಲಿ ಸಕ್ಕರೆಯಾಗಿ ಒಡೆದು, ಸುಕ್ರೋಸ್ ರೂಪದಲ್ಲಿ ಬೇರು, ಚಿಗುರು, ಕಾಯಿಗಳಿಗೆ ಸಾಗಿಸುತ್ತದೆ. ಒಂದಿಷ್ಟನ್ನು ತನ್ನ ಉಸಿರಾಟಕ್ಕೇ ಬಳಸುತ್ತದೆ. ಒಡೆಯುವುದು ಕಿಣ್ವಗಳ ಕೆಲಸ, ಹಾಗಾಗಿ ತಂಪು ಜಾಗದಲ್ಲಿ ನಿಧಾನ. 24 ಗಂಟೆ ಕೆಲವೊಮ್ಮೆ ಸಾಕಾಗುತ್ತದೆ, ಆದರೆ ದಪ್ಪ, ಬಲಿತ ಎಲೆಗಳಿಗೆ 48 ಗಂಟೆ ಕೊಡಿ. ಎಲೆಯನ್ನು ಕಿತ್ತು ಕತ್ತಲಲ್ಲಿಡಬೇಡಿ. ಗಿಡದಿಂದ ಬೇರ್ಪಟ್ಟ ಎಲೆಗೆ ಸಕ್ಕರೆ ಸಾಗಿಸುವ ದಾರಿಯೇ ಇರುವುದಿಲ್ಲ, ಪಿಷ್ಟ ಖಾಲಿಯಾಗುವುದು ತಡವಾಗುತ್ತದೆ.

ಹೆಚ್ಚಿನವರು ಬಿಟ್ಟುಬಿಡುವ ಹಂತ ಒಂದಿದೆ: ಗಿಡವನ್ನು ಕತ್ತಲಿಂದ ತೆಗೆದ ಕೂಡಲೇ ಒಂದು ಎಲೆ ಕಿತ್ತು ಪರೀಕ್ಷಿಸುವುದು. ಅದು ಅಯೋಡಿನ್‌ನ ಕಂದುಹಳದಿ ಬಣ್ಣದಲ್ಲೇ ಉಳಿದರೆ ಮಾತ್ರ ಮುಂದುವರಿಯಿರಿ. ನೀಲಿಯಾದರೆ ಮತ್ತೆ ಕತ್ತಲಿಗೆ. ಇಷ್ಟು ಮಾಡದೆ ಬಿಸಿಲಿಗೆ ಇಟ್ಟರೆ ಕೊನೆಗೆ ಕಾಣುವ ಪಿಷ್ಟ ಇಂದಿನದೋ ಮೊನ್ನೆಯದೋ ಹೇಳಲು ಬರುವುದಿಲ್ಲ.

ಪಟ್ಟಿಯನ್ನು ಎಲೆಯ ಎರಡೂ ಬದಿಗೆ, ಒಂದರ ಎದುರು ಇನ್ನೊಂದು ಸರಿಯಾಗಿ ಕೂರುವಂತೆ ಕ್ಲಿಪ್ ಹಾಕಿ. ಮೇಲ್ಭಾಗಕ್ಕೆ ಮಾತ್ರ ಹಾಕಿದರೆ ಕೆಳಗಿನಿಂದ ಪ್ರತಿಫಲಿಸುವ ಬೆಳಕೂ ಸಾಕಾಗಬಹುದು. ಬೆಳಕಿನಲ್ಲಿ 4ರಿಂದ 6 ಗಂಟೆ ಇಡಿ. ಬಾಡಿದ ಎಲೆಯ ಪತ್ರರಂಧ್ರಗಳು ಮುಚ್ಚಿಕೊಳ್ಳುವುದರಿಂದ ಗಿಡಕ್ಕೆ ಮೊದಲೇ ನೀರು ಹಾಕಿರಬೇಕು.

ಉತ್ತರ 2 | ಪ್ರನಾಳ

ಮಚ್ಚೆ ಎಲೆಯ ತೊಂದರೆ ಗಿಡದ್ದಲ್ಲ, ಬಣ್ಣ ತೆಗೆಯುವ ಕ್ರಮದ್ದು. ಅಲ್ಲಲ್ಲಿ ಮಾತ್ರ ನೀಲಿ ಬಂತೆಂದರೆ ಅಯೋಡಿನ್ ಒಳಗೆ ಸಮನಾಗಿ ಇಳಿದಿಲ್ಲ.

ಎಲೆಯನ್ನು ಕುದಿಯುವ ನೀರಿನಲ್ಲಿ ಸುಮಾರು 1 ನಿಮಿಷ, ಪೂರ್ತಿ ಮೆತ್ತಗಾಗುವವರೆಗೆ ಮುಳುಗಿಸಿ. ಇದರಿಂದ ಜೀವಕೋಶಗಳು ಸಾಯುತ್ತವೆ, ಕೋಶಪೊರೆ ಹರಿಯುತ್ತದೆ, ಕಿಣ್ವಗಳ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಈ ಹಂತದಲ್ಲಿ ಅವಸರ ಮಾಡಿದರೆ ಮುಂದಿನದೆಲ್ಲ ಕೆಡುತ್ತದೆ.

ಆಮೇಲೆ ಬರ್ನರ್ ಆರಿಸಿ. ಇದು ಕಡ್ಡಾಯ. ಎಥನಾಲ್ ಸುಮಾರು 78 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ, ಅದರ ಆವಿ ಜ್ವಾಲೆ ತಗುಲಿದರೆ ಭಗ್ಗನೆ ಹೊತ್ತುತ್ತದೆ. ಪ್ರನಾಳದಲ್ಲಿ ಎಲೆ ಮುಳುಗುವಷ್ಟು ಎಥನಾಲ್ ಹಾಕಿ, ಅದನ್ನು ಆಗಷ್ಟೇ ಕುದಿಸಿದ ಬಿಸಿನೀರಿನ ಬೀಕರ್‌ನಲ್ಲಿ ನಿಲ್ಲಿಸಿ. 5ರಿಂದ 10 ನಿಮಿಷದಲ್ಲಿ ಎಥನಾಲ್ ಹಸಿರಾಗಿ ಎಲೆ ಬಿಳಿಚಿಕೊಳ್ಳಬೇಕು. ಇನ್ನೂ ಹಸಿರು ಉಳಿದಿದ್ದರೆ ಎಥನಾಲ್ ಮತ್ತು ಬಿಸಿನೀರು ಎರಡನ್ನೂ ಬದಲಿಸಿ. ಮೇಣದ ಹೊಳಪಿರುವ ದಪ್ಪ ಎಲೆಗಳನ್ನು ಈ ಪ್ರಯೋಗಕ್ಕೆ ಆರಿಸದಿರುವುದೇ ಮೇಲು.

ಎಥನಾಲ್‌ನಿಂದ ತೆಗೆದ ಎಲೆ ಒಣಹುಲ್ಲಿನಂತೆ ಮುರಿಯುತ್ತದೆ. ಬೆಚ್ಚಗಿನ ನೀರಿನಲ್ಲಿ ಅದ್ದಿದರೆ ಮೆತ್ತಗಾಗುತ್ತದೆ, ಉಳಿದ ಎಥನಾಲ್ ಕೂಡ ತೊಳೆದುಹೋಗುತ್ತದೆ. ನಂತರ ಬಿಳಿ ಟೈಲ್ ಮೇಲೆ ಹರಡಿ, ತಣ್ಣಗಾದ ಮೇಲೆ ಅಯೋಡಿನ್ ಹನಿಸಿ 2-3 ನಿಮಿಷ ಬಿಡಿ. ತಣ್ಣಗಾಗಲೇಬೇಕು: ನೀಲಿ ಬಣ್ಣ ಬರುವುದು ಪಿಷ್ಟದಲ್ಲಿರುವ ಅಮೈಲೋಸ್‌ನ ಸುರುಳಿಯೊಳಗೆ ಅಯೋಡಿನ್ ಸೇರಿಕೊಂಡಾಗ. ಬಿಸಿಯಲ್ಲಿ ಆ ಹಿಡಿತ ಸಡಿಲವಾಗಿ ಬಣ್ಣ ಮಾಸುತ್ತದೆ.

ದ್ರಾವಣ ತಯಾರಿಸುವವರಿಗೆ: 2 ಗ್ರಾಂ ಪೊಟ್ಯಾಸಿಯಂ ಅಯೋಡೈಡನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ, ಅದಕ್ಕೆ 1 ಗ್ರಾಂ ಅಯೋಡಿನ್ ಸೇರಿಸಿ ಕರಗಿಸಿ, ಆಮೇಲೆ ನೀರು ಹಾಕಿ 300 ಮಿ.ಲೀ. ಮಾಡಿ. ಬರೀ ನೀರಿನಲ್ಲಿ ಅಯೋಡಿನ್ ಬಹಳ ಕಡಿಮೆ ಕರಗುತ್ತದೆ. ದ್ರಾವಣ ತೀರಾ ಗಾಢವಾದರೆ ಎಲ್ಲವೂ ಕಪ್ಪುಗಂದಾಗಿ ಕಂಡು ವ್ಯತ್ಯಾಸ ತಿಳಿಯುವುದಿಲ್ಲ, ಹಳತಾಗಿ ಬಣ್ಣಗೆಟ್ಟಿದ್ದರೆ ನೀಲಿಯೇ ಬಾರದು. ಪ್ರಯೋಗಕ್ಕೆ ಮುಂಚೆ ಪಿಷ್ಟದ ದ್ರಾವಣದ ಮೇಲೆ ಒಂದು ಹನಿ ಹಾಕಿ ನೋಡಿಬಿಡಿ.

ಒಂದು ಸಣ್ಣ ಮಾತು: ಎಲೆ ಕುದಿಸುವ ಮುನ್ನವೇ ಬಿಳಿ ಮತ್ತು ಹಸಿರು ಭಾಗಗಳ ಚಿತ್ರ ಬರೆದಿಟ್ಟುಕೊಳ್ಳಬೇಕು. ಬಣ್ಣ ಹೋದ ಮೇಲೆ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ.

ಉತ್ತರ 3 | ನಿಯಂತ್ರಣ ಪ್ರಯೋಗ

ಸೀಸೆಯ ವಿಷಯ. ಬಲಿತ ಎಲೆ ಸಕ್ಕರೆಯನ್ನು ಹೊರಗೆ ಕಳಿಸುತ್ತದೆ, ಸಾಮಾನ್ಯವಾಗಿ ಒಳಗೆ ತರಿಸಿಕೊಳ್ಳುವುದಿಲ್ಲ. ಹಾಗಾಗಿ ಹೊರಗಿನ ಅರ್ಧವನ್ನು ದೂರುವ ಮೊದಲು ಎರಡನ್ನು ನೋಡಿ: ಎಲೆಯಲ್ಲಿ ಹಳೆಯ ಪಿಷ್ಟ ಉಳಿದಿತ್ತೇ, ಸೀಳಿದ ಬಿರಡೆಯ ಸಂದಿಯಿಂದ ಗಾಳಿ ನುಗ್ಗಿತೇ? ಸಂದಿಗೆ ವ್ಯಾಸಲೀನ್ ಮೆತ್ತಿ. ಹೈಡ್ರಾಕ್ಸೈಡ್ ದ್ರಾವಣ ಎಲೆಗೆ ತಾಗಬಾರದು, ತಾಗಿದರೆ ಅಂಗಾಂಶವೇ ಸುಡುತ್ತದೆ; ಕೈಗೂ ಕಣ್ಣಿಗೂ ಅಷ್ಟೇ ಅಪಾಯ, ಕನ್ನಡಕ ಹಾಕಿಯೇ ಕೆಲಸ ಮಾಡಿಸಿ. ಪಕ್ಕದಲ್ಲಿ ಇನ್ನೊಂದು ಸೀಸೆ ಇರಲಿ, ಎಲ್ಲ ಹಾಗೆಯೇ, ಹೈಡ್ರಾಕ್ಸೈಡ್ ಬದಲು ಬರೀ ನೀರು. ಅದರೊಳಗಿನ ಅರ್ಧ ನೀಲಿಯಾದರೆ ಮಾತ್ರ “ಸೀಸೆಯಿಂದಲ್ಲ, ಕಾರ್ಬನ್ ಡೈಆಕ್ಸೈಡ್ ಕೊರತೆಯಿಂದ” ಎನ್ನಬಹುದು.

ಕಪ್ಪು ಕಾಗದಕ್ಕೂ ಇದೇ ತರ್ಕ. ಒತ್ತಿ ಕೂತ ಕಾಗದ ಬೆಳಕನ್ನಷ್ಟೇ ಅಲ್ಲ, ಪತ್ರರಂಧ್ರಗಳಿಗೆ ಹೋಗುವ ಗಾಳಿಯನ್ನೂ ತಡೆಯುತ್ತದೆ. ಇನ್ನೊಂದು ಎಲೆಗೆ ಅದೇ ಅಳತೆಯ ಪಾರದರ್ಶಕ ಹಾಳೆಯನ್ನು ಅಷ್ಟೇ ಬಿಗಿಯಾಗಿ ಹಾಕಿ. ಅದರ ಕೆಳಗೆ ನೀಲಿ ಬಂದು ಕಾಗದದ ಕೆಳಗೆ ಬರದಿದ್ದರೆ ಕಾರಣ ಬೆಳಕೇ.

ಇನ್ನು ತೀರ್ಮಾನದ ವಾಕ್ಯ. ಹಾಗೆ ಬರೆಸಬೇಡಿ. ಅಯೋಡಿನ್ ಹೇಳುವುದು ಪಿಷ್ಟ ಇದೆಯೋ ಇಲ್ಲವೋ ಎಂಬುದನ್ನು ಮಾತ್ರ. ಈರುಳ್ಳಿಯ ಎಲೆ ದ್ಯುತಿಸಂಶ್ಲೇಷಣೆ ಚೆನ್ನಾಗಿಯೇ ನಡೆಸುತ್ತದೆ, ಆದರೆ ಕೂಡಿಡುವುದು ಸಕ್ಕರೆಯನ್ನು, ಪಿಷ್ಟವನ್ನಲ್ಲ. ಮಂದ ಬೆಳಕಿನಲ್ಲಿ ತಯಾರಾದದ್ದೆಲ್ಲ ಆಗಿಂದಾಗಲೇ ಖರ್ಚಾಗುವುದುಂಟು. ತಿರುಗಾಮುರುಗಾ ಕೂಡ ನಿಜ: ಪಿಷ್ಟ ಕಳೆದ ಎಲೆಯ ತುಣುಕುಗಳನ್ನು ಕತ್ತಲಲ್ಲೇ ಸಕ್ಕರೆ ದ್ರಾವಣದ ಮೇಲೆ ತೇಲಿಬಿಟ್ಟರೆ ಅವುಗಳಲ್ಲಿ ಪಿಷ್ಟ ಕಟ್ಟಿಕೊಳ್ಳುತ್ತದೆ, ಬೆಳಕಿನ ಹಂಗೇ ಇಲ್ಲದೆ! ಪಿಷ್ಟವಾಗುವುದು ಸಕ್ಕರೆ, ಅದು ಎಲ್ಲಿಂದ ಬಂತೆಂಬುದನ್ನು ಅಯೋಡಿನ್ ಹೇಳದು.

“ಮೊದಲು ಪಿಷ್ಟವಿರಲಿಲ್ಲ, ಬೆಳಕು ಬಿದ್ದ ಭಾಗದಲ್ಲಿ ಪಿಷ್ಟ ಸಂಗ್ರಹವಾಯಿತು, ಬೆಳಕು ತಡೆದ ಭಾಗದಲ್ಲಿ ಆಗಲಿಲ್ಲ, ಆದ್ದರಿಂದ ಈ ಎಲೆಯಲ್ಲಿ ಪಿಷ್ಟ ಸಂಗ್ರಹಕ್ಕೆ ಬೆಳಕು ಬೇಕಾಯಿತು” ಎಂದು ಬರೆಯಲಿ. ಉದ್ದವಾಯಿತು ನಿಜ, ಆದರೆ ಒಂದೊಂದು ತುಂಡಿಗೂ ಮೇಜಿನ ಮೇಲೆ ಒಂದೊಂದು ಎಲೆ ಸಾಕ್ಷಿಯಾಗಿರುತ್ತದೆ.

ಚಿಗುರೆಲೆ

ಕತ್ತಲಿಂದ ತೆಗೆದ ಕೂಡಲೇ ಮಾಡುವ ಪರೀಕ್ಷೆ, ನೀರಿನ ಸೀಸೆ, ಪಾರದರ್ಶಕ ಹಾಳೆ, ಮೂರೂ ಇರಲಿಲ್ಲ. 48 ಗಂಟೆ ಕತ್ತಲಿನಿಂದ ಮತ್ತೆ ಶುರು. ಮಚ್ಚೆ ಎಲೆಯ ಗಿಡವನ್ನೂ ಜೊತೆಗೇ ಕತ್ತಲಲ್ಲಿಡಬೇಕೇ?

ಉತ್ತರ | ಪ್ರನಾಳ

ಇಡಿ. ಇಲ್ಲದಿದ್ದರೆ ಹಸಿರು ಭಾಗದ ನೀಲಿಯಲ್ಲಿ ಇಂದಿನ ಪಿಷ್ಟ ಎಷ್ಟು, ಹಳೆಯದೆಷ್ಟು ಎಂಬ ಅದೇ ಪ್ರಶ್ನೆ ಅಲ್ಲೂ ಏಳುತ್ತದೆ.