ಸ್ನಾಯುವಿನ ಟೋನ್, ಸ್ಟಿಫ್‌ನೆಸ್, ಎಲಾಸ್ಟಿಸಿಟಿ: ಮೂರಕ್ಕೂ ‘ಬಿಗಿತ’ ಸಾಕೇ?

ಮಾನ್ಯರೇ,

ಆರೋಗ್ಯವಂತರ ಸ್ನಾಯುಗಳನ್ನು ಮಯೋಟಾನ್‌ಪ್ರೊ ಸಾಧನದಿಂದ ಅಳೆಯುವ ಮುನ್ನ ಓದಿಸಿ ಸಹಿ ಹಾಕಿಸಿಕೊಳ್ಳಲು ಕನ್ನಡದಲ್ಲಿ ಒಂದು ಮಾಹಿತಿ ಪತ್ರ ಬೇಕಾಗಿದೆ. ಓದುವವರು ಇಲ್ಲಿನ ಗರಡಿ ಮನೆ ಹುಡುಗರು, ಮಂಡಕ್ಕಿ ಭಟ್ಟಿಯ ಕೆಲಸಗಾರರು, ಕಾಲೇಜು ವಿದ್ಯಾರ್ಥಿಗಳು.

ಸಾಧನದ ಕೆಲಸ ಸರಳ. 3 ಮಿ.ಮೀ. ವ್ಯಾಸದ ಕಡ್ಡಿ ಚರ್ಮವನ್ನು 0.18 ನ್ಯೂಟನ್ ಬಲದಿಂದ ಅದುಮಿ ಹಿಡಿದು, ಅದರ ಮೇಲೆ 0.40 ನ್ಯೂಟನ್‌ನ ತಟ್ಟೊಂದನ್ನು 15 ಮಿಲಿಸೆಕೆಂಡ್ ಕೊಡುತ್ತದೆ. ಕೆಳಗಿನ ಸ್ನಾಯು ಅದುರಿ ತಣಿಯುವುದನ್ನು ಸಾಧನ ದಾಖಲಿಸುತ್ತದೆ. ಆ ಒಂದೇ ಅದುರಿನಿಂದ ಆವರ್ತನ (ಹರ್ಟ್ಜ್) ಟೋನ್‌ಗೆ, ನ್ಯೂಟನ್/ಮೀಟರ್ ಸಂಖ್ಯೆ ಸ್ಟಿಫ್‌ನೆಸ್‌ಗೆ, ಅದುರು ಎಷ್ಟು ಬೇಗ ಕುಗ್ಗಿತು ಎಂಬ ಲಾಗರಿದಮಿಕ್ ಡಿಕ್ರಿಮೆಂಟ್ ಎಲಾಸ್ಟಿಸಿಟಿಗೆ. ಇನ್ನೆರಡು ಸಂಖ್ಯೆಗಳೂ ಬರುತ್ತವೆ, ಅವನ್ನು ಪತ್ರಕ್ಕೆ ಎಳೆಯುವುದಿಲ್ಲ.

ಕರಡಿನಲ್ಲಿ ಮೂರಕ್ಕೂ ‘ಬಿಗಿತ’ ಎಂದೇ ಇದೆ. ‘ನಿಮ್ಮ ಸ್ನಾಯುವಿನ ಬಿಗಿತ ಅಳೆಯುತ್ತೇವೆ’ ಎಂದರೆ ಪೈಲ್ವಾನ ಹುಡುಗ ರಟ್ಟೆ ಬಿಗಿದು ತೋರಿಸುತ್ತಾನೆ, ಅಲ್ಲಿಗೆ ಅಳತೆ ಕೆಟ್ಟಿತು. ಗಣಕದ ಅನುವಾದ ಕೊಟ್ಟ ‘ಸ್ನಾಯು ಸ್ವರ’ ನೋಡಿ ನಗು ಬಂತು. ಪತ್ರಕ್ಕೂ ವರದಿಗೂ ಒಗ್ಗುವ ಮೂರು ಪದ ಸೂಚಿಸುವಿರಾ?

— ಫಿಸಿಯೋಥೆರಪಿ ಅಧ್ಯಾಪಕಿ, ದಾವಣಗೆರೆ

ಮೇಡಂ, ನಮಸ್ಕಾರ.

‘ಸ್ವರ’ ಹಾಸ್ಯಾಸ್ಪದವೇ ಆದರೂ ಅದರ ಬೇರು ಅಷ್ಟು ದೂರವಿಲ್ಲ. ಗ್ರೀಕಿನ ‘ಟೋನೊಸ್’ ಎಂದರೆ ಎಳೆತ. ತಂಬೂರಿಯ ತಂತಿ ಬಿಗಿದಷ್ಟೂ ಶ್ರುತಿ ಏರುವ ಹಾಗೆ, ವಿಶ್ರಾಂತಿಯಲ್ಲೂ ಸ್ನಾಯುವಿನಲ್ಲಿ ಉಳಿದಿರುವ ಎಳೆತ ಹೆಚ್ಚಾದರೆ ಅದರ ಅದುರಿನ ಆವರ್ತನವೂ ಏರುತ್ತದೆ. ಇದಕ್ಕೆ ‘ವಿಶ್ರಾಂತಿಯ ಬಿಗುವು’ ಎನ್ನಿ. ‘ವಿಶ್ರಾಂತಿ’ ಬಿಟ್ಟರೆ ಮತ್ತೆ ರಟ್ಟೆ ಬಿಗಿಯುತ್ತಾರೆ.

ಸ್ಟಿಫ್‌ನೆಸ್‌ಗೆ ‘ಸೆಟೆತ’ ಬೇಡ; ಕೈಕಾಲು ಸೆಟೆದುಕೊಂಡಿತು ಎಂದರೆ ನಮ್ಮ ಕಡೆ ಧನುರ್ವಾಯುವೋ ಹೆಣವೋ ಕಣ್ಣಿಗೆ ಬರುತ್ತದೆ. ‘ಗಡಸು’ ಮೇಲ್ಮೈಯ ಗುಣ. ‘ಮೀನಖಂಡ ಹಿಡ್ಕಂಡೈತೆ’ ಎಂಬಲ್ಲಿನ ‘ಹಿಡಿತ’ ನೋವಿನ ಮಾತು, ಆರೋಗ್ಯವಂತರಿಗೆ ಸಲ್ಲದು. ನನ್ನ ಮತ ‘ಪೆಡಸು’: ಅದುಮಿದಾಗ ಎಷ್ಟರಮಟ್ಟಿಗೆ ಎದುರು ನಿಲ್ಲುತ್ತದೆ ಎಂಬ ಅರ್ಥ ನೇರವಾಗಿ ಬರುತ್ತದೆ. ಸಡಿಲ ಬಿಟ್ಟ ರಟ್ಟೆಯ ಮುಂಭಾಗದ ಸ್ನಾಯುವಿನಲ್ಲಿ ಸುಮಾರು 200ರಿಂದ 300 ನ್ಯೂಟನ್/ಮೀಟರ್ ಬಂದರೆ ಗಾಬರಿಯಾಗುವಂಥದ್ದೇನಿಲ್ಲ ಎಂದು ಕಂಸದಲ್ಲಿ ಸೇರಿಸಿ.

ನಿಜವಾದ ತೊಡಕು ಎಲಾಸ್ಟಿಸಿಟಿಯದು. ಬಳಕೆಯಲ್ಲಿ ಎಲಾಸ್ಟಿಕ್ ಎಂದರೆ ಚೆನ್ನಾಗಿ ಹಿಗ್ಗುವ ವಸ್ತು. ಇಲ್ಲಿ ಹಿಗ್ಗುವ ಮಾತೇ ಇಲ್ಲ. ತಟ್ಟು ಬಿದ್ದ ಮೇಲೆ ಶಕ್ತಿ ಕಳೆದುಕೊಳ್ಳದೆ ಮೊದಲಿನ ಆಕಾರಕ್ಕೆ ಮರಳುವುದೇ ಗುಣ. ವರದಿಯಲ್ಲಿ ಶಾಲಾ ಪಠ್ಯದ ‘ಸ್ಥಿತಿಸ್ಥಾಪಕತೆ’ ಇರಲಿ, ಪತ್ರದಲ್ಲಿ ‘ಮರಳುವ ಗುಣ’ ಸಾಕು. ಆದರೆ ಕೋಷ್ಟಕದ ತಲೆಬರಹಕ್ಕೆ ಈ ಎರಡನ್ನೂ ಹಾಕಬೇಡಿ. ಡಿಕ್ರಿಮೆಂಟ್ ಹೆಚ್ಚಾದಷ್ಟೂ ಸ್ಥಿತಿಸ್ಥಾಪಕತೆ ಕಡಿಮೆ. ‘ಸ್ಥಿತಿಸ್ಥಾಪಕತೆ 1.4’ ಎಂದು ಅಚ್ಚಾದರೆ 1.1 ಬಂದವನಿಗಿಂತ ಇವನೇ ಮೇಲು ಎಂದು ಓದುಗರು ತಿರುವು ಮುರುವು ತಿಳಿಯುತ್ತಾರೆ. ‘ಅದುರು ತಣಿಯುವ ಪ್ರಮಾಣ’ ಎಂದು ಬರೆದು, ಕೆಳಗೆ ‘ಕಡಿಮೆಯಾದಷ್ಟೂ ಮರಳುವ ಗುಣ ಹೆಚ್ಚು’ ಎಂದು ಒಂದು ಸಾಲು ಕೊಡಿ. ಅಳೆದದ್ದಕ್ಕೆ ಹೆಸರಿಡುವುದು, ಅದರಿಂದ ಊಹಿಸಿದ್ದಕ್ಕೆ ಹೆಸರಿಡುವುದಕ್ಕಿಂತ ಯಾವಾಗಲೂ ಕ್ಷೇಮ.

ಕರಡಿನಲ್ಲಿರುವ ‘ಸ್ಪಾಸ್ಟಿಸಿಟಿ’ (ಸ್ನಾಯು ತನ್ನ ಹತೋಟಿ ಮೀರಿ ಬಿಗಿಯುವುದು) ಎಂಬ ಪದವನ್ನು ಪತ್ರದಿಂದ ತೆಗೆದುಹಾಕಿ. ಅದು ಪಾರ್ಶ್ವವಾಯುವಿನಂಥ ನರದ ತೊಂದರೆಯ ಮಾತು. ಅದನ್ನು ಕೈಯಿಂದ ಅಂದಾಜಿಸುವ ಮಾರ್ಪಡಿತ ಆಶ್‌ವರ್ತ್ ಮಾಪನದಲ್ಲಿ ಆರೋಗ್ಯವಂತರೆಲ್ಲ ಸೊನ್ನೆಯೇ. ಅವರವರ ನಡುವಿನ ವ್ಯತ್ಯಾಸ ಅಲ್ಲಿ ಕಾಣುವುದಿಲ್ಲವೆಂದೇ ಈ ಸಾಧನ ಹಿಡಿಯುವುದು.

ಸೂಚನೆಯ ಭಾಗ ಹೀಗಿರಲಿ: ‘ಹಿಂದಿನ ದಿನ ಸಾಮು, ಭಾರ ಎತ್ತುವುದು ಬೇಡ. ಹತ್ತು ನಿಮಿಷ ಮಲಗಿರಿ. ತೋಳು ಸಡಿಲ ಬಿಡಿ. ತಟ್ಟುವಾಗ ಮಾತಾಡಬೇಡಿ, ಕದಲಬೇಡಿ. ನೋವಾಗುವುದಿಲ್ಲ.’

ಅಳೆಯುವವರಿಗೆ ಬೇರೆ ಹಾಳೆ ಮಾಡಿ. ಸ್ನಾಯುವಿನ ಉಬ್ಬಿದ ಭಾಗಕ್ಕೆ ಮಾರ್ಕರ್‌ನಲ್ಲಿ ಗುರುತು ಹಾಕಬೇಕು, ಕಡ್ಡಿ ಚರ್ಮಕ್ಕೆ ಲಂಬವಾಗಿರಬೇಕು. ಓರೆಯಾದರೆ ತಟ್ಟು ಜಾರುತ್ತದೆ. ಒಂದು ಸರಣಿಯ ತಟ್ಟುಗಳ ನಡುವಿನ ವ್ಯತ್ಯಾಸ ಶೇ. 3 ದಾಟಿದರೆ ಅದನ್ನು ಬಿಟ್ಟು ಮತ್ತೆ ಅಳೆಯಲಿ. ಚರ್ಮದಡಿಯ ಕೊಬ್ಬು ದಪ್ಪಗಿರುವ ಕಡೆ ಸಂಖ್ಯೆ ಸ್ನಾಯುವಿನದೋ ಕೊಬ್ಬಿನದೋ ಹೇಳಲಾಗದು. ಅಂಥ ಜಾಗವನ್ನು ಪಟ್ಟಿಯಿಂದಲೇ ಕೈಬಿಡಿ.

ಇನ್ನೊಂದು: ಭಟ್ಟಿಯವರಿಗೆ ‘ಸ್ನಾಯು’ ಎಂದರೆ ‘ನರ’ ಎಂದು ಕೇಳಿಸೀತು. ಪತ್ರದ ಮೊದಲ ಸಾಲಿನಲ್ಲೇ ‘ಸ್ನಾಯು, ಅಂದರೆ ಮಾಂಸಖಂಡ’ ಎಂದು ಬಿಡಿಸಿ ಬರೆಯಿರಿ.

— ಭೌತಶಾಸ್ತ್ರ ಉಪನ್ಯಾಸಕ, ಚಿತ್ರದುರ್ಗ